ಹಲ್ಲಿಗೆ ಸಿಕ್ಕ ಹುದ್ದೆ

ಬೆಲ್ಲದ ಮಂಡಿಯಲ್ಲಿ ಬೆಕ್ಕು ಎಲ್ಲಿ ಹೊಂಚು ಹಾಕುತ್ತದೆಂದು ತಿಳಿಯದೆ ಇಲಿಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದವು. ಹಿರಿಯ ಇಲಿ ಗೋಡೆಯ ಹಲ್ಲಿಯನ್ನು ಕರೆದು, "ನೀನು ನಮ್ಮ ಬೇಹುಗಾರನಾಗು" ಎಂದಿತು.

"ಬೇಹುಗಾರ? ಛೆ, ಸಂದಿಯಲ್ಲಿ ಇಣುಕುವವನ ಹೆಸರಿನ ಹಾಗಿದೆ."

"ಹಾಗಾದರೆ ಗೂಢಚಾರ?"

"ಅದು ನಾಟಕದವರ ಮಾತಾಯಿತು."

"ಗುಪ್ತಚರ?"

"ಹಾಂ, ಇದಕ್ಕೆ ತೂಕವಿದೆ. ಅದರ ಮೊದಲಿಗೆ ‘ಮುಖ್ಯ’ ಅಂತಲೂ ಸೇರಿಸಿ, ಯಜಮಾನರೇ."

"ಸೇರಿಸಿದೆ. ಹೆಸರು ಯಾವುದಾದರೂ ಕೆಲಸ ಒಂದೇ ಕಣಪ್ಪ, ಬಾಯಿ ಮುಚ್ಚಿಕೊಂಡು ಕೇಳಿ ಬರುವುದು. ಹೊರಡು."

ಮಧ್ಯಾಹ್ನ ಬೆಕ್ಕು ತನ್ನ ಮರಿಗೆ, "ಇವತ್ತು ತಕ್ಕಡಿಯ ಹಿಂದೆ ಕೂರುತ್ತೇನೆ" ಎಂದಿತು. ನಿಜ ಕಿವಿಗೆ ಬಿದ್ದರೆ ಲೊಚಗುಟ್ಟುವುದು ಹಲ್ಲಿಯ ಕುಲದ ರೂಢಿ. ಗೋಡೆಯ ಮೇಲಿಂದ ಕೇಳುತ್ತಿದ್ದ ನಮ್ಮ ಹಲ್ಲಿಯೂ "ಲೊಚ್ ಲೊಚ್" ಎಂದುಬಿಟ್ಟಿತು.

ಬೆಕ್ಕು ತಲೆಯೆತ್ತಿತು. "ಯಾರಪ್ಪ ಅದು, ನನ್ನ ಮಾತಿಗೆ ಸಾಕ್ಷಿ ಹೇಳಿದವರು?"

"ಇಲಿಗಳ ಮುಖ್ಯ ಗುಪ್ತಚರ!" ಎಂದಿತು ಹಲ್ಲಿ, ಎದೆಯುಬ್ಬಿಸಿ.

"ಬಹಳ ಸಂತೋಷ, ಸ್ವಾಮಿ."

ಹಲ್ಲಿ ಸುದ್ದಿ ಮುಟ್ಟಿಸಲು ಓಡಿತು. ಬೆಕ್ಕು ಎದ್ದು ಗೋಣಿಚೀಲಗಳ ಹಿಂದೆ ಕೂತಿತು. ತಕ್ಕಡಿಯನ್ನು ಬಿಟ್ಟು ಚೀಲಗಳ ಕಡೆಯಿಂದ ಬಂದ ಹಿರಿಯ ಇಲಿ ಅರ್ಧ ಬಾಲವನ್ನು ಬೆಕ್ಕಿನ ಬಾಯಲ್ಲಿ ಬಿಟ್ಟು ಬಿಲ ಸೇರಿತು.

"ಬಾಲ ತಾನೇ? ಮತ್ತೆ ಬೆಳೆಯುತ್ತೆ ಬಿಡಿ" ಎಂದಿತು ಹಲ್ಲಿ.

"ಬೆಳೆಯುವುದು ನಿನ್ನದು ಮಾರಾಯ, ನಮ್ಮದಲ್ಲ" ಎಂದ ಇಲಿ, ಮೂಲೆಯ ಜಿರಳೆಯತ್ತ ತಿರುಗಿತು. "ಇನ್ನು ಈ ಕೆಲಸ ನಿನ್ನದು. ನಿನಗೆ ಯಾವ ಹೆಸರು ಬೇಕು?"

ಮೂಲೆ ಖಾಲಿಯಾಗಿತ್ತು. ಜಿರಳೆ ಆಗಲೇ ಬೆಕ್ಕಿನ ಪಕ್ಕದ ಚೀಲದೊಳಗೆ ಕೂತು ಕೇಳುತ್ತಿತ್ತು.