ಟೈರು ಉಂಡ ರೊಟ್ಟಿ

"ಕಾಕಾ, ಒಮ್ಮೆ ಟ್ಯೂಬಿಗೆ ಚುಚ್ಚಿದ ಕೈಗೆ ಮತ್ತ ಸೂಜಿ ಕೊಡಬೇಕೇನ್ರಿ?"

ಹೀಗೆ ಕೇಳಿ ಶಿಷ್ಯೆ ಕಸ್ತೂರಿ ಭುಜದ ಮೇಲಿದ್ದ ಟೈರನ್ನು ತೆಗೆದು ನನ್ನ ಮುಂದೆ ಹಾಕಿದಳು.

ನಮ್ಮ ಸೈಕಲ್ ಹಾಸ್ಟೆಲಿನಲ್ಲಿ ಹನ್ನೆರಡು ಹುಡುಗಿಯರಿಗೆ ನಾನು ರೇಸಿನ ಸವಾರಿ ಕಲಿಸುತ್ತೇನೆ. ನನ್ನನ್ನು ಹಿಂದೆ ಹಾಕುವ ಸೈಕಲ್ ಬಿಜಾಪುರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹಿಂದೆ ಹಾಕಿದವೆಲ್ಲ ಬೇರೆ ಜಿಲ್ಲೆಯವು. ನನ್ನ ಮನೆ ಹಾಸ್ಟೆಲಿಗೆ ಅಂಟಿಕೊಂಡೇ ಇದೆ. ಪಡಸಾಲೆಯಲ್ಲಿ ಶಿಷ್ಯರ ಪ್ರಶ್ನೆ, ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುವ ಸದ್ದು, ಎರಡೂ ಒಟ್ಟಿಗೆ ಕೇಳಿಸುತ್ತವೆ.

ಊರಿನ ಸೈಕಲ್ಲಿನ ಟೈರಿನಂತಲ್ಲ ರೇಸಿನ ಟೈರು. ಟ್ಯೂಬನ್ನು ಒಳಗಿಟ್ಟು ಟೈರಿನ ಹೊಟ್ಟೆಯನ್ನು ಸುತ್ತಲೂ ಹೊಲಿದಿರುತ್ತಾರೆ. ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿ. ಆ ಪಟ್ಟಿಗೆ ಅಂಟು ಹಚ್ಚಿ ಟೈರನ್ನು ರಿಮ್ಮಿಗೆ ಕೂರಿಸುತ್ತಾರೆ. ಪಂಚರ್ ಆದರೆ ಟೈರನ್ನು ಕಿತ್ತು, ಪಟ್ಟಿ ಬಿಡಿಸಿ, ನಾಲ್ಕು ಬೆರಳಿನಷ್ಟು ಹೊಲಿಗೆ ಕತ್ತರಿಸಿ, ಟ್ಯೂಬನ್ನು ಹೊರಗೆಳೆದು ಪ್ಯಾಚ್ ಹಾಕಬೇಕು. ಆಮೇಲೆ ಹಳೆಯ ತೂತುಗಳಲ್ಲೇ ದಾರ ಹಾಯಿಸಿ ಹೊಲಿಯಬೇಕು. ಹೊಲಿಯುವಾಗ ಸೂಜಿ ಟ್ಯೂಬಿಗೆ ತಾಗಿತೋ, ಎಲ್ಲ ಕೆಲಸ ಮೊದಲಿನಿಂದ.

"ಪ್ಯಾಚ್ ನಾನ ಹಾಕೀನಿ ಕಾಕಾ, ಅದು ಗಟ್ಟಿ ಐತಿ. ದಾನಿ ಹೊಲಿದ್ಲು. ಎರಡು ಕಿಲೋಮೀಟರ್ ಹೋಗೂದ್ರಾಗ ಗಾಳಿ ಪೂರಾ ಹೋತು. ನೀರಾಗ ಮುಳುಗಿಸಿ ನೋಡಿದೆ. ಗುಳ್ಳಿ ಎದ್ದದ್ದು ಆಕಿ ಹೊಲಿಗ್ಯಾಗಿಂದನ. ಸಿಟ್ಟು ಬಂತು, ಹೊಲಿಗಿ ಕತ್ತರಿಸಿಬಿಟ್ಟೆ."

ದಾನಿ ಎಂದರೆ ದಾನಮ್ಮ. ಕಸ್ತೂರಿಯದೇ ಕೋಣೆಯವಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು. ಈಗ ನಾಲ್ಕು ದಿನದಿಂದ ತಟ್ಟೆ ಎರಡಾಗಿದ್ದವು, ಮಾತು ನಿಂತಿತ್ತು. ಭಾನುವಾರ ಜೋಡಿ ರೇಸು. ಅದರಲ್ಲಿ ಒಬ್ಬಳ ಹಿಂದಿನ ಗಾಲಿಗೂ ಇನ್ನೊಬ್ಬಳ ಮುಂದಿನ ಗಾಲಿಗೂ ನಡುವೆ ಒಂದು ಗೇಣು ಜಾಗ. ನಂಬಿಕೆ ಇಲ್ಲದವರು ಆ ಗೇಣಿನಲ್ಲಿ ಬದುಕಲಾರರು.

"ಭಾನುವಾರಕ್ಕ ಬ್ಯಾರೆ ಯಾರನ್ನರ ನನಗ ಜೋಡಿ ಮಾಡ್ರಿ. ದಾನಿ ಬ್ಯಾಡ," ಎಂದಳು ಕಸ್ತೂರಿ.

ನಾನು ಟೈರನ್ನು ತೊಡೆಯ ಮೇಲೆ ಎಳೆದುಕೊಂಡೆ. ನನ್ನ ಬೆರಳುಗಳು ಸುಮ್ಮನೆ ಕೂರುವ ಜಾತಿಯವಲ್ಲ. ಅವಳ ಮಾತು ಮುಗಿಯುವವರೆಗೂ ಸೀಳಿನ ಒಳಗೆ ಓಡಾಡಿ ಹೊರಗೆ ಬಂದವು. ಮುಷ್ಟಿ ಮುಚ್ಚಿಕೊಂಡು ಕತೆ ಶುರು ಮಾಡಿದೆ. ಕತೆ ಹೇಳುವಾಗ ಮುಷ್ಟಿ ಮುಚ್ಚಿಕೊಳ್ಳುವುದು ನನ್ನ ರೂಢಿ. ಬಿಟ್ಟರೆ ಕೈ ತಾನಾಗಿ ಅಗಲವಾಗಿ, ಮೊಳದ ಮೀನನ್ನು ಮಾರುದ್ದ ತೋರಿಸಿಬಿಡುತ್ತದೆ.

ಒಬ್ಬ ಸವಾರನಿದ್ದ. ಅವನು ಸೈಕಲ್ ಹತ್ತಿದರೆ ಅವನ ನೆರಳು ಅರ್ಧ ದಾರಿಯಲ್ಲಿ ಬೇವಿನ ಮರದಡಿ ಕುಳಿತು ದಣಿವಾರಿಸಿಕೊಳ್ಳುತ್ತಿತ್ತು. ಸಂಜೆ ಅವನು ಮರಳಿ ಬರುವಾಗ ಅದನ್ನು ಎಬ್ಬಿಸಿಕೊಂಡು ಬರುತ್ತಿದ್ದ.

"ಆ ಸವಾರ ನೀವ ಏನ್ರಿ ಕಾಕಾ?"

"ಛೇ. ಅವ ನನಗಿಂತ ಒಂದೀಟು ನಿಧಾನ."

ಆ ಸವಾರನ ಹೆಂಡತಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಅಂಗಿ ಏನು ಕೊಟ್ಟರೂ ಚೂರಿಗೆ ಚೂರು ಕೂಡಿಸಿ ಕೌದಿ ಮಾಡುತ್ತಿದ್ದಳು. ಆಕೆ ಹೊಲಿದ ಕೌದಿ ಹೊದ್ದು ಮಲಗಿದವರನ್ನು ಎಬ್ಬಿಸಲು ಕೋಳಿಗಳು ಎರಡೆರಡು ಸಲ ಕೂಗಬೇಕಾಗುತ್ತಿತ್ತು.

ಒಂದು ದಿನ ಸವಾರನ ಟೈರು ಪಂಚರಾಯಿತು. ಅವನೇ ಟೈರು ಕಿತ್ತ, ಹೊಲಿಗೆ ಕತ್ತರಿಸಿದ, ಸಲ್ಯೂಶನ್ ಹಚ್ಚಿ ಪ್ಯಾಚ್ ಹಾಕಿದ. ಹೊಲಿಯುವುದು ಅವನಿಗೆ ಬರುತ್ತಿರಲಿಲ್ಲ. ಹೆಂಡತಿಯ ಮುಂದೆ ಇಟ್ಟ. ಆಕೆ ಹೊಲಿದು ಕೊಟ್ಟಳು. ಮರುದಿನ ಊರಿನ ಗಡಿ ದಾಟುವಷ್ಟರಲ್ಲಿ ಗಾಳಿ ಹೋಯಿತು. ಸವಾರ ಸೈಕಲ್ ಹೊತ್ತುಕೊಂಡು ಮನೆಗೆ ಬಂದ. ದಿನಾ ಸೈಕಲ್ ಅವನನ್ನು ಹೊರುತ್ತಿತ್ತು, ಅವನು ಸೈಕಲ್ಲನ್ನು ಹೊತ್ತದ್ದು ಅದೇ ಮೊದಲು. ಅಗಲವಾದ ಪರಾತದಲ್ಲಿ ನೀರು ಹಾಕಿ ಟೈರನ್ನು ಮುಳುಗಿಸಿದ. ಹೆಂಡತಿ ಹಾಕಿದ ಹೊಲಿಗೆಯ ಸಾಲಿನಲ್ಲಿ ಗುಳ್ಳೆ ಎದ್ದವು.

ಸವಾರ ಹೆಂಡತಿಗೆ ಒಂದೇ ಮಾತು ಅಂದ: "ಕೌದಿ ಹೊಲಿಯೂ ಕೈ ಕೌದಿಗೇ ಇರಲಿ."

ಆಕೆ ಸೂಜಿಡಬ್ಬಿಯನ್ನು ಮೇಲಿನ ಹಲಗೆಯ ಮೇಲೆ ಇಟ್ಟಳು. ಆ ದಿನದಿಂದ ಕೌದಿಯನ್ನೂ ಹೊಲಿಯಲಿಲ್ಲ. ಅರ್ಧ ಹೊಲಿದ ಕೌದಿ ಮೂಲೆಯಲ್ಲಿ ಮಡಚಿ ಕುಳಿತಿತ್ತು. ಸವಾರ ಬಂದಾಗ ಅದನ್ನು ನೋಡುತ್ತಿದ್ದ, ಹೋಗುವಾಗ ಅದನ್ನು ನೋಡುತ್ತಿದ್ದ. ಮನೆಯಲ್ಲಿ ಊಟ ಇತ್ತು, ಉಪ್ಪು ಸರಿಯಾಗಿತ್ತು. ಮಾತು ಮಾತ್ರ ಇರಲಿಲ್ಲ.

ರೇಸು ಹತ್ತಿರ ಬಂತು. ಸವಾರ ಟೈರನ್ನು ಎತ್ತಿಕೊಂಡು ಪೇಟೆಗೆ ಹೋದ. ಅಲ್ಲಿ ಟಾಂಗಾ ಕುದುರೆಗಳ ಜೀನು ಹೊಲಿಯುವ ಮುದುಕನೊಬ್ಬನಿದ್ದ. "ನನ್ನ ಹೆಂಡತಿ ಸೂಜಿ ಚುಚ್ಚಿ ಟ್ಯೂಬು ಕೆಡಿಸ್ಯಾಳ. ನೀ ಚೊಲೋ ಹೊಲಿದು ಕೊಡು," ಎಂದ.

ಮುದುಕ ಮೊದಲು ಹೊಲಿಗೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎಳೆ ಎಳೆಯಾಗಿ ಬಿಡಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ ಕೆನ್ನೆಗೆ ಹಿಡಿದು ತೂತು ಹುಡುಕಿದ.

"ಸೂಜಿ ಚುಚ್ಚಿದ್ರ ತೂತು ಹೊಲಿಗಿ ಕಡೆ ಇರಬೇಕಾಗಿತ್ತು. ಇದು ರಸ್ತೆ ಕಡೆ ಐತಿ. ನಿನ್ನ ಪ್ಯಾಚಿನ ಮಗ್ಗಲದಾಗ."

"ಗುಳ್ಳಿ ಹೊಲಿಗ್ಯಾಗ ಎದ್ದಿದ್ವಲ್ಲ?"

"ಗಾಳಿಗೆ ಹೊರಗ ಬರಾಕ ಬಾಗಿಲ ಬೇಕು. ತೂತು ಎಲ್ಲೇ ಇರಲಿ, ಅದು ಒಳಗೊಳಗ ಹರದಾಡಿ, ಬಾಗಿಲ ಸಿಕ್ಕಲ್ಲಿ ಬರತೈತಿ. ನೀ ಬಾಗಿಲಾನ ಬೈದು ಬಂದಿ."

ಹಾಗೆಂದು ಮುದುಕ ಟೈರಿನ ಒಳಗೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ಇಕ್ಕಳದಿಂದ ಹಿಡಿದು ಎಳೆದ. ಒಂದು ಜಾಲಿ ಮುಳ್ಳಿನ ತುದಿ ಬಂತು. ಮೊದಲ ಸಲ ಟ್ಯೂಬಿಗೆ ಚುಚ್ಚಿದ್ದ ಮುಳ್ಳು ಅದೇ. ಸವಾರ ತೂತಿಗೆ ಪ್ಯಾಚ್ ಹಾಕಿದ್ದ, ಮುಳ್ಳನ್ನು ಟೈರಿನಲ್ಲೇ ಬಿಟ್ಟಿದ್ದ. ಅದು ಎರಡನೆಯ ಸಲವೂ ತನ್ನ ಕೆಲಸ ಮಾಡಿತ್ತು.

ಸವಾರ ಸ್ವಲ್ಪ ಹೊತ್ತು ಕುದುರೆಗಳನ್ನು ನೋಡುತ್ತ ನಿಂತ. ಆಮೇಲೆ, "ಇರಲಿ, ನೀನ ಹೊಲಿದು ಕೊಡು," ಎಂದ.

"ನನ್ನ ದಬ್ಬಣ ಜೀನಿಗೆ ಬಂದದ್ದು. ಇದಕ್ಕ ಹಾಕಿದ್ರ ಟೈರು ಹರೀತೈತಿ. ಇಂಥಾ ಹೊಲಿಗಿ ಹಾಕೂ ಕೈ ಮನ್ಯಾಗ ಇಟ್ಕೊಂಡು ಇಲ್ಲಿತನಕ ಯಾಕ ಬಂದಿ, ಹುಚ್ಚಪ್ಪಾ?"

ಸವಾರ ಮನೆಗೆ ಬಂದ. ಆ ಸವಾರ ಗುಡ್ಡ ಹತ್ತಬಲ್ಲವನು, ಎದುರು ಗಾಳಿಯಲ್ಲಿ ನೂರು ಕಿಲೋಮೀಟರ್ ತುಳಿಯಬಲ್ಲವನು. 'ತಪ್ಪಾಯಿತು' ಎಂಬ ನಾಲ್ಕಕ್ಷರದ ದಿಣ್ಣೆ ಮಾತ್ರ ಅವನಿಂದ ಹತ್ತಲಾಗಲಿಲ್ಲ. ಪಡಸಾಲೆಯಲ್ಲಿ ಆಚೆಯಿಂದ ಈಚೆಗೆ ಓಡಾಡಿದ. ಹೆಂಡತಿ ನೀರಿಗೆ ಹೋದಾಗ ಹಲಗೆಯ ಮೇಲಿನ ಸೂಜಿಡಬ್ಬಿಯನ್ನು ಇಳಿಸಿದ. ಮುಚ್ಚಳ ತೆಗೆದು ಸೂಜಿಗಳ ನಡುವೆ ಆ ಮುಳ್ಳನ್ನು ಇಟ್ಟ. ಡಬ್ಬಿಯನ್ನು ಕೌದಿಯ ಮೇಲಿಟ್ಟು ಹೊರಗೆ ಹೋಗಿ ಕುಳಿತ.

ಆಕೆ ಬಂದಳು. ಡಬ್ಬಿ ತೆಗೆದಳು. ನೋಡಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಟೈರು ಎಲ್ಲಿ ಇಟ್ಟೀರಿ?" ಎಂಬ ಮಾತು ಕೇಳಿಸಿತು.

ಈ ಸಲ ಸವಾರ ಟೈರಿನ ಒಳಗನ್ನು ಬೆರಳಿನಿಂದ ಮೂರು ಸಲ ತಡವಿದ. ಹೊಸ ಪ್ಯಾಚ್ ಹಾಕಿದ. ಆಕೆ ಹೊಲಿದಳು. ಅಂಟು ಹಚ್ಚಿ ಕೂರಿಸುವಾಗ ಒಂದು ಕಡೆ ಸ್ವಲ್ಪ ಉಬ್ಬಿದಂತೆ ಕಂಡಿತು. ದಾರದ ಗಂಟು ಇರಬೇಕೆಂದು ಸುಮ್ಮನಾದ. ಮತ್ತೆ ಕೇಳುವ ಧೈರ್ಯ ಅವನಿಗಿರಲಿಲ್ಲ.

ರೇಸು ಶುರುವಾಯಿತು. ಗಾಲಿ ಒಂದು ಸುತ್ತು ಬಂದಾಗ ಟೈರು 'ಟಕ್' ಎಂದಿತು. ಮತ್ತೊಂದು ಸುತ್ತಿಗೆ ಮತ್ತೊಮ್ಮೆ 'ಟಕ್'. ಮೊದಲ ಹತ್ತು ಮೈಲಿ ಸವಾರ ಹಲ್ಲು ಕಚ್ಚಿದ. ಈಗ ಒಡೆಯುತ್ತದೆ, ಈಗ ಒಡೆಯುತ್ತದೆ ಎಂದುಕೊಂಡ. ಒಡೆಯಲಿಲ್ಲ. ಇಪ್ಪತ್ತನೇ ಮೈಲಿಗೆ ಆ ಸದ್ದು ಯಾರೋ ಬೆನ್ನು ತಟ್ಟಿದಂತೆ ಕೇಳಿಸತೊಡಗಿತು. ದಾರಿಯಲ್ಲಿ ಯಾರೋ ಜಾಲಿ ಕಡಿದು ಸಾಗಿಸಿದ್ದರು. ರಸ್ತೆಯ ತುಂಬ ಮುಳ್ಳು. ಬಲಕ್ಕೂ ಎಡಕ್ಕೂ ಸವಾರರು ಟೈರು ಕೀಳುತ್ತ ಕುಳಿತಿದ್ದರು. ಅವನ ಟೈರು ಟಕ್ ಟಕ್ ಎನ್ನುತ್ತ ಮುಂದೆ ಹೋಯಿತು. ಅವನು ಎರಡನೆಯವನಾಗಿ ಗುರಿ ಮುಟ್ಟಿದ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಒಂಬತ್ತನೇದಾಂವ," ಎಂದಿತು ಒಂದು ಧ್ವನಿ.

ಒಂಬತ್ತನೆಯವನಾಗಿ ಗುರಿ ಮುಟ್ಟಿದ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಕಸ್ತೂರಿ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು. ನಾನು ಅದನ್ನು ನೋಡದವನಂತೆ ಕತೆ ಮುಂದುವರಿಸಿದೆ.

ಮನೆಗೆ ಬಂದ ಸವಾರ ಹೆಂಡತಿಯನ್ನು ಕೇಳಿದ: "ಟೈರಿನಾಗ ಏನಿಟ್ಟು ಹೊಲದಿ?"

"ಕಡಕ್ ರೊಟ್ಟಿ ಚೂರು," ಎಂದಳು ಆಕೆ. "ನನ್ನ ತವರಾಗ ಕೌದಿ ಮುಗಿಸೂ ಮುಂದ ಅದರ ಹೊಟ್ಟ್ಯಾಗ ಒಂದು ತುತ್ತು ಇಟ್ಟು ಹೊಲೀತಾರ. ಮಂದಿ ಕೌದೀನ ನಾನು ಉಪವಾಸ ಕಳಸೂದಿಲ್ಲ. ನಿಮ್ಮನ್ನ ಹೊತ್ಕೊಂಡು ಹೋಗೂದನ್ನ ಹೆಂಗ ಕಳಸಲಿ?"

"ಹಂಗಾದ್ರ ಮೊದಲನೇ ಸಲ ಯಾಕ ಇಡಲಿಲ್ಲ?"

"ಮೊದಲನೇ ಸಲ ನೀವು ನನ್ನ ಜೋಡಿ ಸಿಟ್ಟಾಗಿರಲಿಲ್ಲ. ಅವಾಗ ಹೊಟ್ಟಿ ತುಂಬ ಉಣತಿದ್ರಿ."

ಆ ಟೈರು ಸವೆದು ಹೋಗಿ ಎಷ್ಟೋ ವರ್ಷವಾಯಿತು. ಸವಾರ ಅದರ ಹೊಲಿಗೆಯನ್ನು ಮಾತ್ರ ಇವತ್ತಿನವರೆಗೂ ಬಿಚ್ಚಿಲ್ಲ.

ಕತೆ ಮುಗಿಯಿತು. ಕಸ್ತೂರಿ ಟೈರಿನ ಸೀಳನ್ನೇ ನೋಡುತ್ತಿದ್ದಳು. ನಗು ಎಲ್ಲಿಗೋ ಹೋಗಿತ್ತು.

"ಅದು ಆ ಸವಾರನ ಟೈರು, ಕಾಕಾ. ನನ್ನ ಟೈರಿಗೆ ಹಂಗ ಆಗಿರಬೇಕಂತ ಏನೈತಿ?" ಎಂದಳು. ಮಾತು ಹೊರಟಷ್ಟು ಗಟ್ಟಿಯಾಗಿ ಮುಗಿಯಲಿಲ್ಲ.

ನಾನು ಮುಷ್ಟಿ ಬಿಚ್ಚಿದೆ. ಅಂಗೈಯ ನಡುವೆ ಎಳ್ಳಿನಷ್ಟು ದೊಡ್ಡ ಜಾಲಿ ಮುಳ್ಳಿನ ತುದಿ ಇತ್ತು. ಅದನ್ನು ಮಾತ್ರ ನಾನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಿಲ್ಲ.

"ತಗೋ, ಇದನ್ನ ದಾನಮ್ಮನ ಸೂಜಿಡಬ್ಬಿಯೊಳಗ ಇಟ್ಟು ಬಾ."