ಹಳದಿಯಾಗಿಯೇ ಉಳಿದ ಮೊಟ್ಟೆಗಳು

ಶಿಷ್ಯನು ಕೇಳಿದನು: “ಗುರುಗಳೇ, ತಪ್ಪು ಮಾಡದವರೊಬ್ಬರನ್ನು ನಾಲ್ಕು ಜನರ ಮುಂದೆ ತಪ್ಪಿತಸ್ಥರು ಎಂದುಬಿಟ್ಟೆ. ಈಗ ಮನಸ್ಸಿನಲ್ಲೇ ಪಶ್ಚಾತ್ತಾಪಪಟ್ಟಿದ್ದೇನೆ. ಅಷ್ಟು ಸಾಲದೆ?”

ಗುರುಗಳು ಹೇಳಿದರು:

ಒಬ್ಬ ರೈತ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಸುತ್ತಲಿನ ಊರುಗಳಿಗೆ ಕೊಡುತ್ತಿದ್ದ. ಗೂಡಿನಿಂದ ಹೊರಬಂದ ಗಂಡು ಹೆಣ್ಣು ಚಿಟ್ಟೆಗಳನ್ನು ಜೊತೆಗೂಡಿಸುವ ಕೆಲಸ ಹೊನ್ನಾಜಮ್ಮ ಎಂಬ ವಿಧವೆಯದು. ಹದಿನಾರು ವರ್ಷ ಅವಳ ಕೆಲಸ ಹುಸಿಹೋಗಿರಲಿಲ್ಲ.

ಒಂದು ಬೇಸಿಗೆ ಚಿಟ್ಟೆಗಳು ಎಂದಿನಂತೆ ಕೂಡಿದವು, ಮೊಟ್ಟೆಯಿಟ್ಟವು. ಹತ್ತು ದಿನವಾದರೂ ಮೊಟ್ಟೆಗಳ ಬಣ್ಣ ತಿರುಗಲಿಲ್ಲ. ಹಳದಿಯಾಗಿಯೇ ಉಳಿದು ಬತ್ತಿಹೋದವು. ಹಿಪ್ಪುನೇರಳೆ ಸೊಪ್ಪು ಬೆಳೆದು ಕಾದಿದ್ದವರು ಬಂದು ಕೇಳಿದರು. ರೈತ ಅವರೆಲ್ಲರ ಎದುರಿಗೆ, “ಇವಳ ಕೈಗುಣ ಕೆಟ್ಟಿದೆ” ಎಂದ.

ಅಂದಿನಿಂದ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಬಿತ್ತನೆಗೆ ಹೊರಟವರು ಅವಳು ಎದುರಾದರೆ ನಿಂತು, ಅವಳು ದಾಟಿಹೋದ ಮೇಲೆ ಮುಂದೆ ನಡೆಯುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ರೈತನೇ ಚಿಟ್ಟೆಗಳನ್ನು ಜೊತೆಗೂಡಿಸಿದ. ಆಗಲೂ ಮೊಟ್ಟೆಗಳು ಹಾಗೆಯೇ ಬತ್ತಿದವು. ದೂರದ ಊರಿನಿಂದ ಅನುಭವಸ್ಥನೊಬ್ಬನನ್ನು ಕರೆತಂದ.

ಅವನು ಕೇಳಿದ: “ಗೂಡುಗಳನ್ನು ಎಲ್ಲಿಟ್ಟಿದ್ದೆ?”

“ಹೋದ ವರ್ಷ ಕಟ್ಟಿಸಿದ ತಗಡಿನ ಕೊಠಡಿಯಲ್ಲಿ.”

“ಅಲ್ಲಿನ ಕಾವಿಗೆ ಗೂಡಿನೊಳಗೇ ಗಂಡಿನ ಬೀಜ ಸಾಯುತ್ತದೆ. ಚಿಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ. ಕೂಡುತ್ತದೆ. ಮೊಟ್ಟೆಗೆ ಮಾತ್ರ ಜೀವ ಬರುವುದಿಲ್ಲ.”

ರೈತ ಹೊಸ ಗೂಡುಗಳನ್ನು ತಂದು ಮಣ್ಣುಗೋಡೆಯ ಹಳೆಯ ಮನೆಯಲ್ಲಿಟ್ಟ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದ. ಈ ಸಲ ಮೊಟ್ಟೆಗಳು ಕಪ್ಪಾದವು. ಹತ್ತನೆಯ ಬೆಳಗ್ಗೆ ಹುಳು ಹೊರಬಂದವು. ಆದರೂ ಅವನಿಗೆ ಅನ್ನ ಸೇರಲಿಲ್ಲ. ಒಂದು ಸೀರೆ, ಒಂದು ಮೂಟೆ ರಾಗಿ ಹೊತ್ತು ಹೊನ್ನಾಜಮ್ಮನ ಮನೆಗೆ ಹೋಗಿ, “ತಪ್ಪು ನನ್ನದಮ್ಮ” ಎಂದ.

ಅವಳು ಸೀರೆ ಮುಟ್ಟಲಿಲ್ಲ. “ಊರ ಮುಂದೆ ಆಡಿದ ಮಾತನ್ನು ನನ್ನ ಮನೆ ಬಾಗಿಲಲ್ಲಿ ಹಿಂದಕ್ಕೆ ತಗೊಂಡರೆ ಯಾರಿಗೆ ಕೇಳಿಸುತ್ತಪ್ಪ?” ಎಂದಳು.

ನಾಲ್ಕು ದಿನ ಅವನು ಒಳಗೊಳಗೇ ಒದ್ದಾಡಿದ. ಐದನೆಯ ದಿನ ಸಂತೆಯ ಕಟ್ಟೆ ಹತ್ತಿ, “ಕೆಟ್ಟದ್ದು ಅವಳ ಕೈಯಲ್ಲ, ನನ್ನ ತಗಡಿನ ಕೊಠಡಿ” ಎಂದು ಕೂಗಿ ಹೇಳಿದ. ಕೆಲವರು ನಕ್ಕರು. ಬೆಳೆ ಕಳೆದುಕೊಂಡವರು ಬೈದರು. ಅವನು ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ವಾರದೊಳಗೆ ಮೂರು ಮನೆಯವರು ಹೊನ್ನಾಜಮ್ಮನನ್ನು ಕೆಲಸಕ್ಕೆ ಕರೆದರು. ಅವಳು ಹೋದಳು. ರೈತನ ಮನೆಗೆ ಮಾತ್ರ ಮತ್ತೆಂದೂ ಬರಲಿಲ್ಲ.

ಶಿಷ್ಯನು ತಡೆಯಲಾರದೆ ಕೇಳಿದನು: “ಹಾಗಾದರೆ ರೈತನಿಗೆ ಸಿಕ್ಕಿದ್ದೇನು?”

ಗುರುಗಳು ಹೇಳಿದರು: “ಕಳೆದುಕೊಂಡಿದ್ದವಳು ಅವಳು, ಸಿಗಬೇಕಾಗಿದ್ದದ್ದು ಅವಳಿಗೆ.”