ಲೆಕ್ಕದಲ್ಲಿ ಉಳಿದ ಊಟ

ಬೆಲೆಯೇರಿಕೆ ಅಳೆಯುವ ಕಚೇರಿಗೆ ಮಂತ್ರಿಗಳು ದುಮುಗುಟ್ಟುತ್ತ ನುಗ್ಗಿದರು. ಎದುರಿಗೆ ಸಿಕ್ಕವನು ಗುಮಾಸ್ತ.

"ಏನಯ್ಯಾ, ಈ ವರ್ಷವೂ ಬೆಲೆ ಏರಿದೆ ಅಂತೀಯಾ? ಚುನಾವಣೆ ತಲೆ ಮೇಲೆ ಕೂತಿದೆ. ಏರಿದ್ದನ್ನೆಲ್ಲ ಲೆಕ್ಕದಿಂದ ಕಿತ್ತುಹಾಕು!"

ಎದುರಾಡಿದರೆ ನೀರೂ ನೆರಳೂ ಇಲ್ಲದ ಊರಿಗೆ ಎತ್ತಂಗಡಿ. ಗುಮಾಸ್ತ ಹಲ್ಲು ಕಚ್ಚಿಕೊಂಡು ಕಿತ್ತ. ಅಕ್ಕಿ ಹೋಯಿತು, ಬೇಳೆ ಹೋಯಿತು. ಎಣ್ಣೆ, ತರಕಾರಿ, ಹಾಲು, ಎಲ್ಲವೂ ಹೋದವು. ಬೆಲೆಯೇರಿಕೆ ಸೊನ್ನೆಗೆ ಬಂತು.

ಮಂತ್ರಿಗಳು ಹಿರಿಹಿರಿ ಹಿಗ್ಗಿದರು. "ಭೇಷ್! ನಾಳೆ ಪತ್ರಿಕೆಯವರನ್ನೆಲ್ಲ ಊಟಕ್ಕೆ ಕರಿ. ನಿನ್ನ ಲೆಕ್ಕದಲ್ಲಿರೋ ಪದಾರ್ಥವನ್ನೇ ಬಡಿಸು. ಜನ ಎಷ್ಟು ಸುಖವಾಗಿ ತಿಂತಿದ್ದಾರೆ ಅಂತ ಬರೀಲಿ!"

"ಅಪ್ಪಣೆ ಸಾರ್" ಅಂದ ಗುಮಾಸ್ತ. ಅವನಿಗೆ ಬೇಕಾಗಿದ್ದೂ ಅದೇ.

ಮರುದಿನ ಎಲೆ ಹಾಕಿದರು. ವಾಡಿಕೆಯಂತೆ ತುದಿಗೆ ಮೊದಲು ಉಪ್ಪು ಬಿತ್ತು. ಮಂತ್ರಿಗಳು ಕ್ಯಾಮೆರಾ ನೋಡಿ ನಕ್ಕು, ತೋಳು ಮಡಚಿ ಕಾದರು. ಕಾದೇ ಕಾದರು. ಹೊಟ್ಟೆ ಗುರ್ ಅಂದಿತು.

"ಮುಂದಿನದು ಬಡಿಸಯ್ಯಾ!"

ಗುಮಾಸ್ತ ಬಗ್ಗಿ, ಎಲೆಯ ನಟ್ಟನಡುವೆ ಒಂದು ಬೆಂಕಿಪೊಟ್ಟಣ ಇಟ್ಟ.

"ಏನೋ ಇದು?"

"ಲೆಕ್ಕದಲ್ಲಿ ಉಳಿದಿದ್ದು ಇವೆರಡೇ ಸಾರ್."

ಪತ್ರಿಕೆಯವರು ಪೆನ್ನು ತೆಗೆದರು. ಮಂತ್ರಿಗಳ ಮುಖ ಹುಳಿ ಹಿಂಡಿದಂತಾಯಿತು. ಗುಮಾಸ್ತ ಮಾತ್ರ ಉಪಚಾರ ಬಿಡಲಿಲ್ಲ.

"ಸಂಕೋಚ ಮಾಡ್ಕೋಬೇಡಿ ಸಾರ್. ಇನ್ನೊಂದು ಪೊಟ್ಟಣ ಬಡಿಸ್ಲಾ?"